ಹೆದ್ದಾರಿಯ ಊಟ, ಮರಳಿ ಬರುವ ಗಿರಾಕಿ

ಬೆಂಗಳೂರಿನಿಂದ ಪುಣೆಯ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ದಾಟಿ ಹಿರಿಯೂರು ಮುಟ್ಟುವ ಮೊದಲು ಜವನಗೊಂಡನಹಳ್ಳಿ ಸಿಗುತ್ತದೆ. ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರವಿದು. ಓಡಾಡುವವರ ಬಾಯಲ್ಲಿ ಜೆ.ಜಿ. ಹಳ್ಳಿ. ಬೆಳಗಿನ ತಿಂಡಿ ಮುಗಿಸಿ ರಾಜಧಾನಿ ಬಿಟ್ಟವರಿಗೆ ಮತ್ತೆ ಹಸಿವಾಗುವ ಹೊತ್ತಿಗೆ ಬರುವ ಸೀಮೆ. ಇಲ್ಲಿಗೆ ಬರುವಷ್ಟರಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ದಾವಣಗೆರೆ ಬೆಣ್ಣೆದೋಸೆ, ಪಂಜಾಬಿ ಢಾಬಾ, ಆಂಧ್ರ ಊಟ, ಇಟಾಲಿಯನ್ ಪಿಜ್ಜಾ ಎಂಬ ಬೋರ್ಡುಗಳು ಕಣ್ಣಿಗೆ ಬಿದ್ದು ಹೋಗಿರುತ್ತವೆ. ದೂರದ ಊರಿನ ಹೆಸರು ಹೊತ್ತ ತಿನಿಸು ಆ ಊರಿನ ರುಚಿಯನ್ನೇ ಕೊಡುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ತಿಳಿಯುವ ದಾರಿ ಇದೆಯೇ? ಇದೆ ಎಂಬುದು ನನ್ನ ವಾದ. ಒಳ್ಳೆಯ ಅಡುಗೆಗೆ ಜಾಮೀನು ಎರಡೇ: ನಾಳೆ ಮತ್ತೆ ಬರುವ ಗಿರಾಕಿ, ಇಲ್ಲವೇ ಬರೆದಿಟ್ಟು ಪರೀಕ್ಷೆ ಮಾಡುವ ಕ್ರಮ. ಎರಡೂ ಇಲ್ಲದ ಕಡೆ ಉಳಿಯುವುದು ಬೋರ್ಡು ಮಾತ್ರ. ನಮ್ಮ ಹೆದ್ದಾರಿಗಳಲ್ಲಿ ಬಹುಪಾಲು ಆಗಿರುವುದು ಇದೇ.

ಇದನ್ನು ತಿಳಿಯಲು ಪಿಜ್ಜಾದಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಪಿಜ್ಜಾ ಇಟಲಿಯ ನೇಪಲ್ಸ್ ಊರಿನ ಬಡವರ ಊಟವಾಗಿ ಬೆಳೆದದ್ದು. ಅದು ಜಗತ್ತಿಗೆಲ್ಲ ಹರಡಿದ ಮೇಲೆ ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ನೇಪಲ್ಸ್ ಹೆಸರು ಅಂಟಿಸಿ ಮಾರುವ ಸ್ಥಿತಿ ಬಂತು. ಆಗ, 1984ರಲ್ಲಿ, ಆ ಊರಿನ ಪಿಜ್ಜಾ ಮಾಡುವವರು ಸೇರಿ ಒಂದು ಸಂಘ ಕಟ್ಟಿಕೊಂಡರು. ತಮ್ಮ ಅಜ್ಜಂದಿರ ಕಾಲದಿಂದ ಕೈಯಲ್ಲಿದ್ದ ಕೆಲಸವನ್ನು ಕಾಗದದ ಮೇಲೆ ನಿಯಮವಾಗಿ ಬರೆದರು. ಹಿಟ್ಟಿನಲ್ಲಿ ಗೋಧಿ, ನೀರು, ಉಪ್ಪು, ಹುದುಗು ಬಿಟ್ಟರೆ ಬೇರೇನೂ ಇರಕೂಡದು. ನಾದಿದ ಹಿಟ್ಟು ಗಂಟೆಗಟ್ಟಲೆ ಹುದುಗಬೇಕು. ಲಟ್ಟಣಿಗೆ ಮುಟ್ಟಿಸದೆ ಬರಿಗೈಯಲ್ಲೇ ನಡುವಿನಿಂದ ಅಂಚಿನ ಕಡೆಗೆ ತಟ್ಟಿ ಹರಡಬೇಕು. ಹೀಗೆ ಮಾಡಿದಾಗ ಒಳಗಿನ ಗಾಳಿಯೆಲ್ಲ ಅಂಚಿಗೆ ಸರಿದು, ಬೆಂದಾಗ ಅಂಚು ಉಬ್ಬಿ ನಿಲ್ಲುತ್ತದೆ. ಕಟ್ಟಿಗೆಯ ಒಲೆ 400 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರಬೇಕು. ಪಿಜ್ಜಾ ಆ ಒಲೆಯೊಳಗೆ ಇರುವುದು 60ರಿಂದ 90 ಸೆಕೆಂಡು, ಅಷ್ಟೇ. ಅಷ್ಟು ಬಿಸಿಯಲ್ಲಿ ಅಷ್ಟು ಕಡಿಮೆ ಹೊತ್ತು ಇದ್ದರೆ ಮಾತ್ರ ಅಂಚಿನ ಮೇಲೆ ಕಪ್ಪು ಚುಕ್ಕಿ ಬಿದ್ದೂ ಒಳಗೆ ತೇವ ಉಳಿಯುತ್ತದೆ, ನಾಲ್ಕಾಗಿ ಮಡಚಿದರೂ ಮುರಿಯುವುದಿಲ್ಲ. ಇದರ ಅರ್ಧ ಬಿಸಿಯ ಒಲೆಯಲ್ಲಿ ಹಲವು ನಿಮಿಷ ಬೇಯಿಸಿದರೆ ನೀರೆಲ್ಲ ಆರಿ ರೊಟ್ಟಿ ಬಿಸ್ಕತ್ತಿನಂತಾಗುತ್ತದೆ. ಅದನ್ನು ಮರೆಸಲು ಚೀಸು ಹೆಚ್ಚು ಸುರಿಯಬೇಕಾಗುತ್ತದೆ. 2010ರಲ್ಲಿ ಐರೋಪ್ಯ ಒಕ್ಕೂಟ ಈ ಕ್ರಮಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಪಿಜ್ಜಾ ಎಂಬ ತಿನಿಸನ್ನಲ್ಲ, ಅದನ್ನು ಮಾಡುವ ಕೈಯ ವಿದ್ಯೆಯನ್ನು. ಗೌರವ ಸರಿಯಾದ ಜಾಗಕ್ಕೇ ಸಂದಿತು ಎನ್ನಬೇಕು.

ಹಾಗೆಂದು ನೇಪಲ್ಸಿನ ಜನ ಈ ನಿಯಮದ ಪುಸ್ತಕ ಹಿಡಿದುಕೊಂಡು ಊಟಕ್ಕೆ ಹೋಗುವುದಿಲ್ಲ. ಅವರಿಗೆ ಮೊದಲನೆಯ ಜಾಮೀನೇ ಸಾಕು. 1870ರಿಂದ ಪಿಜ್ಜಾ ಮಾಡುತ್ತ ಬಂದಿರುವ ಮನೆತನದ ‘ದ ಮಿಕೇಲೆ’ ಎಂಬ ಅಂಗಡಿ ಎಷ್ಟೋ ಕಾಲ ಎರಡೇ ಬಗೆಯ ಪಿಜ್ಜಾ ಮಾಡಿ ಹೆಸರಾಯಿತು: ಟೊಮೆಟೊ, ಬೆಳ್ಳುಳ್ಳಿಯ ಮರಿನಾರಾ; ಟೊಮೆಟೊ, ಮೊಝರೆಲ್ಲಾದ ಮಾರ್ಗರಿಟಾ. ಪಕ್ಕದ ಬೀದಿಯವರು ವಾರಕ್ಕೊಮ್ಮೆ ಬಂದು ತಿನ್ನುವ ಅಂಗಡಿಗೆ ಐವತ್ತು ಬಗೆಯ ಪಟ್ಟಿ ಬೇಕಾಗುವುದಿಲ್ಲ. ಎರಡು ಬಗೆಯನ್ನೇ ದಿನವೂ ಕೆಡದಂತೆ ಮಾಡಿದರೆ ಸಾಕು. ಅದೇ ಇಟಲಿಯಲ್ಲಿ, ಪ್ರಸಿದ್ಧ ಸ್ಮಾರಕದ ಎದುರಿನ ಚೌಕಕ್ಕೆ ಹೋದರೆ ನಾಲ್ಕೈದು ಭಾಷೆಯ ಮೆನು, ಬಣ್ಣದ ಚಿತ್ರಗಳು, ಬಾಗಿಲಲ್ಲೇ ನಿಂತು ಕೈಬೀಸಿ ಕರೆಯುವ ನೌಕರರು. ಅಲ್ಲಿ ತಿನ್ನುವವರು ಈ ಜನ್ಮದಲ್ಲಿ ಇನ್ನೊಮ್ಮೆ ಬರಲಿಕ್ಕಿಲ್ಲ ಎಂಬುದು ಮಾಲೀಕರಿಗೆ ಗೊತ್ತು. ಒಂದೇ ದೇಶ, ಒಂದೇ ಹಿಟ್ಟು, ಒಂದೇ ಟೊಮೆಟೊ. ರುಚಿ ಬೇರೆಯಾಗಲು ಕಾರಣ ಗಿರಾಕಿ ಬೇರೆ ಎಂಬುದೇ. ಇಟಲಿಗೆ ಹೋಗುವ ನಮ್ಮವರು ಇದೊಂದನ್ನು ಗಮನಿಸಿದರೆ ಸಾಕು: ಚೌಕ ಬಿಟ್ಟು ಎರಡು ಬೀದಿ ಒಳಗೆ ನಡೆಯಿರಿ, ಪಟ್ಟಿ ಚಿಕ್ಕದಿರುವ, ಒಲೆ ಕಣ್ಣಿಗೆ ಕಾಣುವ, ಅಲ್ಲಿನವರೇ ಕೂತಿರುವ ಅಂಗಡಿ ನೋಡಿ.

ಈಗ ನಮ್ಮ ಹೆದ್ದಾರಿಗೆ ಬರೋಣ. ಮೊದಲು ಎರಡು ಲೇನಿನ ರಸ್ತೆ ಊರ ನಡುವೆಯೇ ಹಾದುಹೋಗುತ್ತಿದ್ದಾಗ ರಸ್ತೆ ಬದಿಯ ಹೋಟೆಲಿಗೆ ಊರಿನ ಗಿರಾಕಿಯೂ ಇದ್ದ, ದಾರಿಹೋಕನೂ ಇದ್ದ. ಊರಿನವನಿಗೆ ಮಾಡಿದ ಅಡುಗೆಯನ್ನೇ ದಾರಿಹೋಕನೂ ಉಣ್ಣುತ್ತಿದ್ದ. ಸುವರ್ಣ ಚತುಷ್ಪಥ ಬಂದು, ರಸ್ತೆ ಅಗಲವಾಗಿ, ಬೈಪಾಸು, ಮೇಲ್ಸೇತುವೆ, ಸರ್ವಿಸ್ ರಸ್ತೆಗಳಾದ ಮೇಲೆ ಇಬ್ಬರೂ ಬೇರೆಬೇರೆಯಾದರು. ವಾಹನ ನಿಲ್ಲಿಸಲು ವಿಶಾಲ ಜಾಗವಿರುವ ದೊಡ್ಡ ಹೋಟೆಲುಗಳು ಹೆದ್ದಾರಿಯ ಅಂಚಿನಲ್ಲಿ ಎದ್ದವು. ಊರಿನವರು ಅಲ್ಲಿಗೆ ಹೋಗುವುದಿಲ್ಲ, ದಾರಿಹೋಕರು ಊರೊಳಗೆ ಬರುವುದಿಲ್ಲ. ಬಸ್ ಡ್ರೈವರುಗಳು ದಿನವೂ ಅದೇ ಹೋಟೆಲಿಗೆ ಬರುತ್ತಾರಲ್ಲ, ಅವರು ಮರಳಿ ಬರುವ ಗಿರಾಕಿಗಳಲ್ಲವೇ ಎಂದು ಯಾರಾದರೂ ಕೇಳಬಹುದು. ಅನೇಕ ಕಡೆ ಬಸ್ಸು ನಿಲ್ಲಿಸಿದ್ದಕ್ಕೆ ಪ್ರತಿಯಾಗಿ ಡ್ರೈವರು, ಕಂಡಕ್ಟರರಿಗೆ ಊಟ ಬಿಟ್ಟಿಯಾಗಿ ಸಿಗುತ್ತದೆ. ಹಾಗಾಗಿ ಆ ಬಸ್ಸು ಅಲ್ಲಿ ನಿಂತಿದೆ ಎಂಬುದು ರುಚಿಗೆ ಸಾಕ್ಷಿಯಾಗಲಾರದು. ಲಾರಿ ಡ್ರೈವರನ ಮಾತು ಬೇರೆ. ಅವನು ತನ್ನ ಜೇಬಿನಿಂದ ಕೊಟ್ಟು ಉಣ್ಣುತ್ತಾನೆ, ವಾರಕ್ಕೆರಡು ಸಲ ಅದೇ ದಾರಿಯಲ್ಲಿ ಬರುತ್ತಾನೆ, ಹೊಟ್ಟೆ ಕೆಟ್ಟರೆ ಅವನ ದುಡಿಮೆಯೇ ನಿಲ್ಲುತ್ತದೆ. ಆರೇಳು ಲಾರಿ ಸಾಲಾಗಿ ನಿಂತಿರುವ ಹೋಟೆಲಿಗೆ ಇರುವ ಸಾಕ್ಷಿ ಹತ್ತು ಬಸ್ಸು ನಿಂತಿರುವ ಹೋಟೆಲಿಗೆ ಇಲ್ಲ.

ದಾವಣಗೆರೆ ಬೆಣ್ಣೆದೋಸೆಯ ಕಥೆಯಲ್ಲಿ ಎರಡೂ ಜಾಮೀನುಗಳ ವಿಷಯ ಸೇರಿಕೊಂಡಿದೆ. ಬೆಳಗಾವಿ ಸೀಮೆಯಿಂದ ಚೆನ್ನಮ್ಮ ಎಂಬ ತಾಯಿ 1928ರ ಸುಮಾರಿಗೆ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು, ನಾಟಕ ಥಿಯೇಟರಿನ ಬಳಿ ದೋಸೆ ಹುಯ್ಯಲು ಶುರು ಮಾಡಿದರು. ಮೊದಮೊದಲು ಅದು ರಾಗಿಹಿಟ್ಟಿನ ದೋಸೆ, ಮುಂದೆ ಮಕ್ಕಳ ಕಾಲಕ್ಕೆ ಅಕ್ಕಿಯದಾಯಿತು ಎಂದು ಆ ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. 1997ರಲ್ಲಿ ಹೊಸ ಜಿಲ್ಲೆಯಾಗುವವರೆಗೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಆ ಲೆಕ್ಕದಲ್ಲಿ ಬೆಣ್ಣೆದೋಸೆ ಜವನಗೊಂಡನಹಳ್ಳಿಯ ಸ್ವಂತ ಜಿಲ್ಲೆಯಲ್ಲೇ ಹುಟ್ಟಿದ್ದು. ಹತ್ತಿ ಗಿರಣಿಗಳ ಊರು, ಮಂಡಕ್ಕಿ ಭಟ್ಟಿಗಳ ಊರು ಅದು. ಅಕ್ಕಿ, ಉದ್ದಿನಬೇಳೆಯ ಜೊತೆಗೆ ಮಂಡಕ್ಕಿಯೂ ರುಬ್ಬುವ ಕಲ್ಲಿಗೆ ಬಿದ್ದದ್ದು ಇಂಥ ಊರಿನಲ್ಲಿ ಸಹಜವೇ. ಕಾದ ಕಾವಲಿಯ ಮೇಲೆ ಹಿಟ್ಟು ಹುಯ್ದು ತುಸು ದಪ್ಪವಾಗಿಯೇ ಬಿಟ್ಟಾಗ ಮೇಲೆಲ್ಲ ಸಣ್ಣ ತೂತು ತೆರೆದುಕೊಳ್ಳುತ್ತವೆ. ಬೆಣ್ಣೆ ಹಾಕುವುದು ಆಗ. ಕರಗಿದ ಬೆಣ್ಣೆ ಆ ತೂತುಗಳೊಳಗೆ ಇಳಿದು ಕೆಳಗಿನ ಮೈ ಗರಿಗರಿಯಾಗುತ್ತದೆ, ನಡುವೆ ಮೆತ್ತಗೇ ಉಳಿಯುತ್ತದೆ. ಹಳೆಯ ಹೋಟೆಲುಗಳಲ್ಲಿ ಸೌದೆ ಒಲೆಯೇ. ಜೊತೆಗೆ ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಸಾಂಬಾರಿನ ಪ್ರಶ್ನೆಯೇ ಇಲ್ಲ. ಇಷ್ಟು ಗೊತ್ತಿದ್ದರೆ ಬೆಂಗಳೂರಿನಲ್ಲಾಗಲಿ ಹೆದ್ದಾರಿಯಲ್ಲಾಗಲಿ ‘ದಾವಣಗೆರೆ’ ಎಂದು ಬರೆದುಕೊಂಡ ಅಂಗಡಿಯನ್ನು ಬಾಗಿಲಲ್ಲಿ ನಿಂತೇ ಅಳೆಯಬಹುದು: ಹಿಟ್ಟು ಹುಯ್ದ ಎಷ್ಟು ಹೊತ್ತಿಗೆ ತೂತು ಬೀಳುತ್ತದೆ, ಬೆಣ್ಣೆ ಯಾವಾಗ ಬೀಳುತ್ತದೆ, ಬೀಳುವುದು ಬೆಣ್ಣೆಯೇ ಅಥವಾ ಪ್ಯಾಕೆಟ್ಟಿನ ಬೇರೆ ಜಿಡ್ಡೇ, ಪಲ್ಯದ ಬಣ್ಣ ಯಾವುದು.

ದಾವಣಗೆರೆಯೊಳಗೆ ಈ ಅಳತೆ ಬೇಕಾಗುವುದಿಲ್ಲ. ಅಲ್ಲಿ ದೋಸೆ ಕೆಟ್ಟರೆ ಮರುದಿನ ಬೆಳಿಗ್ಗೆ ಬೆಂಚು ಖಾಲಿಯಾಗಿರುತ್ತದೆ. ಆದರೆ ಊರ ಗಡಿ ದಾಟಿದ ಹೆಸರಿಗೆ ಕಾವಲು ಇಲ್ಲ. ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಯ ರಕ್ಷಣೆಯಾದರೂ ಇದೆ. ಬೆಣ್ಣೆದೋಸೆ ಡಬ್ಬಿಯಲ್ಲಿ ತುಂಬಿ ಕಳಿಸುವ ಪದಾರ್ಥವಲ್ಲ, ಒಲೆಯ ಮುಂದೆಯೇ ಹುಟ್ಟಿ ಒಲೆಯ ಮುಂದೆಯೇ ಮುಗಿಯುವಂಥದ್ದು. ಅದಕ್ಕೆ ತಕ್ಕ ಕಾವಲು ನೇಪಲ್ಸಿನವರು ಮಾಡಿದ ರೀತಿಯದೇ. ದಾವಣಗೆರೆಯ ದೋಸೆ ಹೋಟೆಲಿನವರು ಸೇರಿ ಒಂದು ಸಂಘ ಮಾಡಿಕೊಂಡು, ಹಿಟ್ಟಿನ ಪ್ರಮಾಣ, ಹುದುಗುವ ಹೊತ್ತು, ಬೆಣ್ಣೆಯ ಗುಣ, ಪಲ್ಯದ ರೀತಿ ಇಷ್ಟನ್ನು ಬರೆದಿಟ್ಟು, ಅದನ್ನು ಪಾಲಿಸುವ ಹೊರ ಊರಿನ ಅಂಗಡಿಗೆ ಒಂದು ಗುರುತಿನ ಫಲಕ ಕೊಡುವಂತಾದರೆ, ಬೋರ್ಡಿಗೆ ಮೊದಲ ಬಾರಿ ಅರ್ಥ ಬರುತ್ತದೆ. ಇದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ನೇಪಲ್ಸಿನಲ್ಲಿ ಸಂಘ ಕಟ್ಟಿದ್ದಕ್ಕೂ ಕಾನೂನು ಬಂದದ್ದಕ್ಕೂ ನಡುವೆ 26 ವರ್ಷಗಳ ಅಂತರವಿತ್ತು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಜವನಗೊಂಡನಹಳ್ಳಿಯಲ್ಲಿ ಹಸಿದವರು ದಾವಣಗೆರೆಯ ದೋಸೆಯನ್ನು ಯಾಕೆ ಹುಡುಕಬೇಕು? ಇಟಲಿಗೆ ಹೋದವರು ಎಲ್ಲ ಊರಿನಲ್ಲೂ ಪಿಜ್ಜಾ ಹುಡುಕಿ ಮಾಡುವ ತಪ್ಪೂ ಇದೇ. ಇಟಲಿಯ ಉತ್ತರ ಭಾಗದ ಹಳೆಯ ಊಟ ಪಿಜ್ಜಾ ಅಲ್ಲ, ಪೊಲೆಂಟಾ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಉದ್ದನೆಯ ಮರದ ಕೋಲಿನಿಂದ ತಿರುವಿ ತಿರುವಿ ಗಟ್ಟಿ ಮಾಡಿ, ಮರದ ಹಲಗೆಯ ಮೇಲೆ ಸುರಿದು ಹಂಚಿ ಉಣ್ಣುವ ಊಟ. ಹಿರಿಯೂರು ಸೀಮೆಯ ಯಾವ ಅಜ್ಜಿ ಕಂಡರೂ ಇದು ಮುದ್ದೆಯ ಅಣ್ಣನೋ ತಮ್ಮನೋ ಎಂದು ಗುರುತಿಸುತ್ತಾಳೆ. ಪಿಜ್ಜಾಕ್ಕಾಗಿ ಪೊಲೆಂಟಾ ಬಿಟ್ಟು ಬಂದವರು ಆ ನಾಡಿನ ಅಡುಗೆಮನೆಯನ್ನು ನೋಡದೆಯೇ ಬಂದಂತೆ. ಮಳೆ ಕಡಿಮೆ, ಮಣ್ಣು ಕೆಂಪು, ರಾಗಿ, ಶೇಂಗಾ, ಈರುಳ್ಳಿ ಬೆಳೆಯುವ ನೆಲ ನಮ್ಮದು. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಅಣೆಕಟ್ಟಿನ ನೀರು ಹಿರಿಯೂರಿನ ಸುತ್ತ ತೆಂಗು, ಅಡಿಕೆ ಬೆಳೆಸಿತು. ಅದಕ್ಕೆ ದೂರವಿರುವ ಹೊಲಗಳು ಮಳೆಯನ್ನೇ ನೆಚ್ಚಿದವು. ಕಾಡುಗೊಲ್ಲರ ಹಟ್ಟಿಗಳು, ಕುರಿಮಂದೆಗಳು ಇರುವ ಕಡೆ ಇದು. ಇಲ್ಲಿನ ಊಟವೆಂದರೆ ರಾಗಿಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಸಾರು, ಚಳಿಗಾಲಕ್ಕೆ ಅವರೆಕಾಳು, ಬಾಡೂಟದ ದಿನ ಕುರಿಯ ಸಾರು, ನಂಚಿಕೊಳ್ಳಲು ಶೇಂಗಾ ಚಟ್ನಿ, ಕಡಿಯಲು ಹಸಿ ಈರುಳ್ಳಿ. ಹೋಬಳಿ ಕೇಂದ್ರವೆಂದರೆ ನಾಡಕಚೇರಿ, ಬ್ಯಾಂಕು, ಗೊಬ್ಬರದ ಅಂಗಡಿ ಎಂದು ಸುತ್ತಲ ಹಳ್ಳಿಯವರು ದಿನವೂ ಬಂದುಹೋಗುವ ಜಾಗ. ಅವರಿಗೆ ಮಧ್ಯಾಹ್ನ ಉಣಬಡಿಸುವ ಹೋಟೆಲು ಬದುಕುವುದೇ ಮರಳಿ ಬರುವ ಗಿರಾಕಿಯ ಮೇಲೆ.

ಮುದ್ದೆಗೂ ಪಿಜ್ಜಾದಷ್ಟೇ ಕಟ್ಟುನಿಟ್ಟಾದ ವಿದ್ಯೆಯಿದೆ, ಬರೆದಿಟ್ಟವರಿಲ್ಲ ಅಷ್ಟೇ. ನೀರಿಗೆ ಮೊದಲು ಸ್ವಲ್ಪ ಹಿಟ್ಟು ಕದಡಿ ಕುದಿಸಬೇಕು. ಉಕ್ಕು ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈಹಾಕದೆ, ಸುತ್ತಲಿನ ನೀರು ಮೇಲೇರಿ ಹಿಟ್ಟನ್ನು ಬೇಯಿಸುವವರೆಗೆ ತಾಳಬೇಕು. ಆಮೇಲೆ ಪಾತ್ರೆಯನ್ನು ಕಾಲಲ್ಲೋ ಕವೆಗೋಲಿನಲ್ಲೋ ಭದ್ರವಾಗಿ ಹಿಡಿದು ಕೋಲಿನಿಂದ ಒತ್ತಿ ಒತ್ತಿ ತಿರುವಬೇಕು. ಅವಸರ ಮಾಡಿದರೆ ಒಳಗೆ ಹಸಿಹಿಟ್ಟಿನ ಗಂಟು ಉಳಿಯುತ್ತದೆ. ಸರಿಯಾಗಿ ಬೆಂದ ಮುದ್ದೆ ಹೊಳೆಯುತ್ತದೆ, ಒದ್ದೆ ಬೆರಳಿಗೆ ಅಂಟುವುದಿಲ್ಲ, ಮುರಿದಾಗ ಹಬೆ ಬರುತ್ತದೆ. ಮಾಡಿಟ್ಟು ಹೊತ್ತಾದರೆ ಮೇಲೆ ಪೊರೆ ಕಟ್ಟಿ ಬಿರುಕು ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಮೊದಲಿನಂತಾಗದು. ಆದ್ದರಿಂದ ಮುದ್ದೆ ಹೋಟೆಲಿಗೆ ಒಂದು ಹೊತ್ತು ಇರುತ್ತದೆ. ಪ್ರಯಾಣಿಕರು ಕೇಳಬೇಕಾದ ಒಂದೇ ಪ್ರಶ್ನೆ: ಮುದ್ದೆ ಎಷ್ಟು ಹೊತ್ತಿಗೆ ಆಗುತ್ತದೆ? ‘ಯಾವಾಗ ಬಂದರೂ ಇರುತ್ತದೆ ಸಾರ್’ ಎಂಬ ಉತ್ತರ ಬಂದರೆ ಅನುಮಾನಿಸಿ. ‘ಹನ್ನೆರಡೂವರೆಗೆ ಆಗುತ್ತೆ, ಎರಡರ ಮೇಲೆ ಸಿಗಲ್ಲ ಅಣ್ಣ’ ಎಂದರೆ ಕಾದು ಕೂತುಕೊಳ್ಳಿ. ಇದು ಪಿಜ್ಜಾಕ್ಕೂ ಸಲ್ಲುವ ಪರೀಕ್ಷೆ: ಗಂಟೆಗಟ್ಟಲೆ ಹುದುಗಿದ ಹಿಟ್ಟು ಮುಗಿದ ಮೇಲೆ ಒಳ್ಳೆಯ ಅಂಗಡಿ ಬಾಗಿಲು ಹಾಕುತ್ತದೆ. ಮುಗಿದುಹೋಗುವ ಅಡುಗೆಯನ್ನು ನಂಬಬಹುದು, ಎಂದೂ ಮುಗಿಯದ ಅಡುಗೆಯನ್ನು ನಂಬುವುದು ಕಷ್ಟ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಶುಚಿಯದು. ಹೆಂಗಸರು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮೊದಲು ಬೇಕಾದದ್ದು ಶೌಚಾಲಯ. ಊರೊಳಗಿನ ಸಣ್ಣ ಹೋಟೆಲಿನಲ್ಲಿ ಅದು ಇರುವುದಿಲ್ಲ ಎಂಬ ಮಾತನ್ನು ತಳ್ಳಿಹಾಕಲಾಗದು. ಇದು ನಮ್ಮ ಹೆದ್ದಾರಿ ವ್ಯವಸ್ಥೆಯ ದೊಡ್ಡ ಕೊರತೆ, ಹೆಣ್ಣುಮಕ್ಕಳಿಗೆ ಅದು ಬರೀ ಅನಾನುಕೂಲವಲ್ಲ, ಆರೋಗ್ಯದ ಪ್ರಶ್ನೆ. ಆದರೆ ಶೌಚಾಲಯವೂ ಊಟವೂ ಒಂದೇ ಸೂರಿನಡಿ ಸಿಗಬೇಕೆಂಬ ಕಟ್ಟಳೆ ಎಲ್ಲಿದೆ? ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಉಚಿತವಾಗಿ ಕೊಡಬೇಕೆಂಬ ನಿಯಮವೇ ಇದೆ. ಅಲ್ಲಿ ಒಮ್ಮೆ ನಿಂತು, ಊಟಕ್ಕೆ ಇನ್ನೊಮ್ಮೆ ನಿಲ್ಲಬಹುದು. ಆಹಾರದ ಶುಚಿಯ ವಿಷಯಕ್ಕೆ ಬಂದರೆ, ಕುದಿಯುವ ಪಾತ್ರೆಯಿಂದ ನೇರವಾಗಿ ತಟ್ಟೆಗೆ ಬಂದ ಮುದ್ದೆ ಸಾರು, ಕಣ್ಣೆದುರು ಬೆಂದ ದೋಸೆ, ತಣ್ಣಗಿಟ್ಟು ಮತ್ತೆ ಬಿಸಿ ಮಾಡಿದ ಹತ್ತು ಬಗೆಯ ಕರಿಗಳಿಗಿಂತ ಹೆಚ್ಚು ಸುರಕ್ಷಿತ. ಎಚ್ಚರ ಬೇಕಾದದ್ದು ಬಿಸಿಲಿನಲ್ಲಿ ಬೇಗ ಹಳಸುವ ಕಾಯಿಚಟ್ನಿಯ ಬಗ್ಗೆ, ಕುಡಿಯುವ ನೀರಿನ ಬಗ್ಗೆ. ದೊಡ್ಡ ಗಾಜಿನ ಬಾಗಿಲು ಅಡುಗೆಮನೆಯ ಶುಚಿಗೆ ಪ್ರಮಾಣಪತ್ರವಲ್ಲ.

ಎರಡನೆಯ ಆಕ್ಷೇಪ ಸರಪಳಿ ಹೋಟೆಲುಗಳ ಪರವಾದದ್ದು. 1996ರಲ್ಲಿ ಬೆಂಗಳೂರಿನಲ್ಲಿ ಪಿಜ್ಜಾ ಹಟ್, ದೆಹಲಿಯಲ್ಲಿ ಡೊಮಿನೋಸ್ ಬಾಗಿಲು ತೆರೆದಂದಿನಿಂದ ಅವು ಕೊಟ್ಟ ಮಾತು ಒಂದೇ: ಎಲ್ಲಿ ತಿಂದರೂ ಅದೇ ರುಚಿ, ಅದೇ ಅಳತೆ. ಆ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡಿವೆ. ನನ್ನ ಲೆಕ್ಕದಲ್ಲಿ ಅವು ಎರಡನೆಯ ಜಾಮೀನಿನ ಗುಂಪಿಗೆ ಸೇರಿದವು, ಅಂದರೆ ಬರೆದಿಟ್ಟ ಕ್ರಮ ಇರುವ ಅಡುಗೆ. ಬರೀ ಬೋರ್ಡು ಹಾಕಿಕೊಂಡ ಅಂಗಡಿಗಿಂತ ಮೇಲು. ಅಳುವ ಮಗುವಿಗೆ ಅಲ್ಲಿ ಊಟ ಕೊಡಿಸಿದವರನ್ನು ತಪ್ಪೆನ್ನಲಾರೆ. ಆದರೆ ಆ ಕ್ರಮ ಕಾಪಾಡುವುದು ಒಂದೇ ಬಗೆಯ ರುಚಿಯನ್ನು. ನೇಪಲ್ಸಿನ ಕ್ರಮ ಕಾಪಾಡುವುದು ಕೈಯ ವಿದ್ಯೆಯನ್ನು. ಇಟಲಿಯ ಪಿಜ್ಜಾ ಹೇಗಿರುತ್ತದೆಂದು ತಿಳಿಯುವ ಆಸೆಯಿದ್ದವರು ಬೆಂಗಳೂರಿನಲ್ಲೇ ಕಟ್ಟಿಗೆ ಒಲೆಯ ಅಂಗಡಿ ಹುಡುಕುವುದು ಲೇಸು. ಆ ನಗರದಲ್ಲೇ ವಾಲೊಂಬ್ರೋಸಾ ಪಂಥದ ಬೆನೆಡಿಕ್ಟೀನ್ ಸನ್ಯಾಸಿಗಳು ಇಟಲಿ ಪದ್ಧತಿಯಲ್ಲಿ ಮೊಝರೆಲ್ಲಾ ಮಾಡುತ್ತಾರೆ ಎಂಬುದು ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಇನ್ನು ಮೊಬೈಲಿನ ನಕ್ಷತ್ರಗಳ ಮಾತು. ಹೆದ್ದಾರಿ ಹೋಟೆಲಿಗೆ ನಕ್ಷತ್ರ ಕೊಡುವವರು ಹೆಚ್ಚಿನಂಶ ಒಮ್ಮೆ ಬಂದುಹೋದವರು; ಅವರು ಅಳೆದದ್ದು ಪಾರ್ಕಿಂಗನ್ನೂ ಬಾತ್ರೂಮನ್ನೂ. ಆ ಮಟ್ಟಿಗೆ ಅದು ಉಪಯೋಗದ್ದೇ.

ಅಸಲಿ, ನಕಲಿ ಎಂಬ ವಿಂಗಡಣೆಯೇ ಸುಳ್ಳು ಎನ್ನುವವರೂ ಇದ್ದಾರೆ. ಟೊಮೆಟೊ ಇಟಲಿಯದಲ್ಲ, 16ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ನಮ್ಮ ಮೆಣಸಿನಕಾಯಿ, ಶೇಂಗಾ ಕೂಡ ಅದೇ ದಿಕ್ಕಿನಿಂದ ಬಂದವು. ಪೊಲೆಂಟಾದ ಮೆಕ್ಕೆಜೋಳವೂ ಅಷ್ಟೇ. ಬೆಣ್ಣೆದೋಸೆಯೇ ಬೆಳಗಾವಿ ಕಡೆಯಿಂದ ವಲಸೆ ಬಂದ ಕೈಯದು. ಇದೆಲ್ಲ ನಿಜ, ಇದನ್ನು ಒಪ್ಪುವುದರಿಂದ ವಾದಕ್ಕೆ ಧಕ್ಕೆಯಿಲ್ಲ. ನಾನು ಕೇಳುತ್ತಿರುವುದು ತಿನಿಸಿನ ಜಾತಕವನ್ನಲ್ಲ. ಹೆಸರು ಹೇಳಿ ದುಡ್ಡು ತೆಗೆದುಕೊಂಡ ಮೇಲೆ ಆ ಹೆಸರಿಗೆ ತಕ್ಕ ಪದಾರ್ಥ, ತಕ್ಕ ಹೊತ್ತು, ತಕ್ಕ ಶ್ರಮ ಅದರಲ್ಲಿ ಬಿದ್ದಿದೆಯೇ ಎಂಬುದನ್ನು. ವಲಸೆ ಬಂದ ಆ ಮನೆತನ ಬೆಣ್ಣೆಯ ಜಾಗದಲ್ಲಿ ಬೆಣ್ಣೆಯನ್ನೇ ಹಾಕಿದ್ದಕ್ಕೇ ಆ ದೋಸೆಗೆ ಒಂದು ಊರು ತನ್ನ ಹೆಸರು ಕೊಟ್ಟಿತು. ರುಚಿ ಬದಲಾಗಲಿ, ಹೊಸದು ಬರಲಿ. ರಾಗಿ ಪಿಜ್ಜಾ ಮಾಡುವವರು ರಾಗಿ ಪಿಜ್ಜಾ ಎಂದೇ ಹೇಳಿ ಮಾರಲಿ, ಚೆನ್ನಾಗಿದ್ದರೆ ಅದಕ್ಕೂ ನಾಳೆ ಗಿರಾಕಿ ಬರುತ್ತಾನೆ.

ಹೆದ್ದಾರಿ ಪ್ರಾಧಿಕಾರ ಊರಿನ ಹೆಸರು, ದೂರ, ಆಸ್ಪತ್ರೆಯ ಗುರುತನ್ನು ಫಲಕಗಳಲ್ಲಿ ಬರೆಯುತ್ತದೆ. ಜವನಗೊಂಡನಹಳ್ಳಿಯಂಥ ಊರಿನ ಗ್ರಾಮ ಪಂಚಾಯಿತಿ ಸರ್ವಿಸ್ ರಸ್ತೆಯ ತಿರುವಿನಲ್ಲಿ ‘ಊರೊಳಗೆ ಮುದ್ದೆ ಊಟ, ಮಧ್ಯಾಹ್ನ ಇಷ್ಟು ಗಂಟೆಗೆ’ ಎಂದು ಒಂದು ಫಲಕ ನಿಲ್ಲಿಸಿ, ಪಕ್ಕದಲ್ಲೊಂದು ಶುಚಿಯಾದ ಶೌಚಾಲಯ ನಡೆಸಿದರೆ, ಬೇರೆಯಾಗಿ ಹೋಗಿರುವ ದಾರಿಹೋಕನೂ ಊರಿನ ಗಿರಾಕಿಯೂ ಮತ್ತೆ ಒಂದೇ ಬೆಂಚಿನ ಮೇಲೆ ಕೂರಬಹುದು. ಪಂಚಾಯಿತಿಗೆ ಆದಾಯ, ಹೋಟೆಲಿಗೆ ವ್ಯಾಪಾರ, ರಾಗಿ ಬೆಳೆದವನಿಗೆ ಊರಲ್ಲೇ ಬೇಡಿಕೆ. ಫಲಕ ಬರುವವರೆಗೆ ಕಾಯಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ಒಳಗೆ ಆ ದಾರಿಯಲ್ಲಿ ಹೋಗುವವರಿದ್ದರೆ ಐದು ನಿಮಿಷ ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿ, ಊರಿನವರು ಉಣ್ಣುತ್ತಿರುವ ಹೋಟೆಲು ಯಾವುದೆಂದು ವಿಚಾರಿಸಿ, ಮುದ್ದೆ ಆಯಿತೇ ಎಂದು ಕೇಳಿ.